ಉದುರಿದ ಹಣ್ಣು ಯಾರದು?

ವಾಕ್ಯಭಾಗ: ಯಾಜಕಕಾಂಡ 19:9-10, ರೂತಳು 2, 2 ಅರಸುಗಳು 5:15-27
ಯುವಜನರ ಶಿಬಿರ, ದೇವರಮನೆ. ಭಾನುವಾರ ಬೆಳಗಿನ ಸಂದೇಶದ ಬರಹರೂಪ.

ರಾತ್ರಿ ಚಳಿಗೆ ಯಾರಿಗೂ ಸರಿಯಾಗಿ ನಿದ್ದೆ ಬಂದಿಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ. ಇನ್ನೊಂದು ಸುತ್ತು ಕಾಫಿ ಬರುತ್ತೆ, ಅಲ್ಲಿವರೆಗೆ ಸ್ವಲ್ಪ ಗಮನ ಕೊಡಿ.

ಈ ಬೆಳಿಗ್ಗೆಗೆ ನಾನು ಬೇರೆ ಸಂದೇಶ ತಯಾರು ಮಾಡ್ಕೊಂಡು ಬಂದಿದ್ದೆ. ಶುಕ್ರವಾರ ರಾತ್ರಿ ಬಸ್ಸು ಬೇಲೂರು ದಾಟಿದ ಮೇಲೆ ಪಕ್ಕದಲ್ಲಿ ಕೂತಿದ್ದ ಒಬ್ಬ ತಮ್ಮ ಮೆಲ್ಲಗೆ ಕೇಳಿದ: "ಅಣ್ಣಾ, ಕ್ಯಾಂಪಿನ ಬಸ್ಸು, ಹೋಂಸ್ಟೇ ಎರಡೂ ನನ್ನ ಕ್ರೆಡಿಟ್ ಕಾರ್ಡಲ್ಲೇ ಬುಕ್ ಮಾಡಿದ್ದು. ದುಡ್ಡು ಎಲ್ಲರೂ ನನಗೆ ಕಳಿಸಿದ್ರು. ಆದ್ರೆ ಪಾಯಿಂಟ್ಸ್ ಬಂದಿದ್ದು ನನಗೊಬ್ಬನಿಗೇ. ಅದನ್ನ ಏರ್‌ಲೈನ್ ಮೈಲ್ಸ್ ಮಾಡ್ಕೊಂಡ್ರೆ ಒಂದ್ಸಲ ಊರಿಗೆ ಹೋಗ್ಬರಬಹುದು. ಇಟ್ಕೊಂಡ್ರೆ ತಪ್ಪಾ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ನನ್ನದೇ ಒಂದು ಹಳೇ ಗಾಯ ಕೆದಕಿದ ಹಾಗಾಯ್ತು. ಈ ಮಾತನ್ನ ಎಲ್ಲರ ಮುಂದೆ ಹೇಳಬಹುದಾ ಅಂತ ಆ ತಮ್ಮನನ್ನ ಕೇಳಿಯೇ ಹೇಳ್ತಿದ್ದೀನಿ. ಅವನ ಉತ್ತರವನ್ನ ಕೊನೆಗೆ ಇಟ್ಕೊಂಡಿದ್ದೀನಿ.

ಮೊದಲು ಈ ತೋಟದ ಕಡೆ ನೋಡಿ. ನಿಮಗೆಲ್ಲ ಇದು ವೀಕೆಂಡ್ ಜಾಗ. ನನಗೆ ಇದು ಹುಟ್ಟಿ ಬೆಳೆದ ಸೀಮೆ. ಮೂಡಿಗೆರೆ ಕಡೆ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ ನಾವಿದ್ವಿ. ಅಪ್ಪ, ಅವ್ವ ಇಬ್ಬರೂ ಆಳುಗಳು. ಕುಯ್ಲಿನ ಕಾಲದಲ್ಲಿ ಕೆಲಸ ಕೆಜಿ ಲೆಕ್ಕ. ಎಷ್ಟು ಹಣ್ಣು ಕುಯ್ದರೆ ಅಷ್ಟು ದುಡ್ಡು. ಸಂಜೆ ರೈಟರು ತಕ್ಕಡಿ ಮುಂದೆ ಕೂತು ಒಬ್ಬೊಬ್ಬರದ್ದೇ ಚೀಲ ತೂಗಿ ಬರ್ಕೊಳ್ಳೋರು.

ನಿನ್ನೆ ರೊಬಸ್ಟಾ ಕುಯ್ಯೋದನ್ನ ನೋಡಿದ್ರಲ್ಲ, ಗಿಡದ ಬುಡಕ್ಕೆ ಮ್ಯಾಟ್ ಹಾಸಿದ್ರು. ಕೆಳಗೆ ಬಿದ್ದಿದ್ದು ಮಣ್ಣಲ್ಲಿ ಕಳೆದುಹೋಗಬಾರದು ಅಂತ. ಎಷ್ಟೇ ಹುಷಾರಾಗಿದ್ರೂ ಸ್ವಲ್ಪ ಹಣ್ಣು ನೆಲಕ್ಕೆ ಉದುರೇ ಉದುರುತ್ತೆ. ಅದನ್ನ ಹಾಗೇ ಬಿಡೋ ಹಾಗಿಲ್ಲ. ಬಿಟ್ಟರೆ ಅದರೊಳಗೆ ಕಾಯಿ ಕೊರಕ ಹುಳ ಉಳ್ಕೊಳ್ಳುತ್ತೆ, ಮುಂದಿನ ಫಸಲಿಗೆ ಹತ್ತುತ್ತೆ. ಅದಕ್ಕೇ ಕುಯ್ಲು ಮುಗಿದ ಮೇಲೆ ನೆಲದ ಹಣ್ಣನ್ನೂ ಹೆಕ್ಕಿಸ್ತಾರೆ. ನಮ್ಮ ತೋಟದ ಸಾಹುಕಾರರು ಒಂದು ಪದ್ಧತಿ ಇಟ್ಟಿದ್ರು: ನೆಲದಿಂದ ಹೆಕ್ಕಿದ್ದರಲ್ಲಿ ಅರ್ಧ ತೋಟಕ್ಕೆ, ಅರ್ಧ ಹೆಕ್ಕಿದವರಿಗೆ.

ನನಗಾಗ ಹತ್ತು ವರ್ಷ. ಶಾಲೆ ಬಿಟ್ಟ ಮೇಲೆ ಒಂದು ಚೀಲ ಹಿಡ್ಕೊಂಡು ಹೆಕ್ಕೋಕೆ ಹೋಗ್ತಿದ್ದೆ. ನೆಲದಲ್ಲಿ ಹಣ್ಣು ಕಡಿಮೆ ಸಿಕ್ಕಿದ ದಿನ ಇನ್ನೂ ಕುಯ್ಯದ ಗಿಡ ಹಿಡಿದು ಜೋರಾಗಿ ಅಲ್ಲಾಡಿಸಿದೆ. ಪಟಪಟ ಅಂತ ಬಿತ್ತು. ಬಿದ್ದಿದ್ದನ್ನ ಹೆಕ್ಕಿದೆ. ಸುಳ್ಳು ಹೇಳಿದ ಹಾಗೂ ಅನ್ನಿಸಲಿಲ್ಲ, ಕದ್ದ ಹಾಗೂ ಅನ್ನಿಸಲಿಲ್ಲ. ನೆಲದ ಹಣ್ಣೇ ತಾನೇ? ಅವ್ವ ಚೀಲಕ್ಕೆ ಕೈ ಹಾಕಿ ನೋಡಿದರು. ತಾನಾಗಿ ಉದುರಿದ ಹಣ್ಣು ಒಣಗಿ ಕಪ್ಪಾಗಿರುತ್ತೆ, ಮಣ್ಣು ಹತ್ತಿರುತ್ತೆ. ನನ್ನ ಚೀಲದಲ್ಲಿ ಹಸಿ ಕೆಂಪು ಹಣ್ಣು. ಅವ್ವ ಹೊಡೀಲಿಲ್ಲ. "ಬಿದ್ದಿದ್ದು ಹೆಕ್ಕು ಮಗಾ. ಗಿಡ ಅಲ್ಲಾಡಿಸಬ್ಯಾಡ" ಅಂದು, ಚೀಲ ಪೂರ್ತಿ ರೈಟರ ಹತ್ತಿರ ಕೊಡಿಸಿದರು. ನಮ್ಮ ಅರ್ಧವೂ ಹೋಯ್ತು.

ಬೈಬಲ್ ಕಾಲೇಜಿನಲ್ಲಿ ಯಾಜಕಕಾಂಡ 19 ಓದುವಾಗ ನನಗೆ ಈ ಚೀಲ ನೆನಪಾಯ್ತು. ದೇವರು ಇಸ್ರಾಯೇಲಿನ ರೈತರಿಗೆ ಏನು ಹೇಳ್ತಾರೆ? ಹೊಲದ ಅಂಚಿನ ತನಕ ಕೊಯ್ಯಬೇಡಿ. ದ್ರಾಕ್ಷೇತೋಟದಲ್ಲಿ ಉದುರಿದ ಹಣ್ಣನ್ನ ಆರಿಸ್ಕೊಂಡು ಹೋಗಬೇಡಿ. ಬಡವನಿಗೂ ಪರದೇಶಿಗೂ ಬಿಡಿ. ಅಂದ್ರೆ ಉದುರಿದ ಹಣ್ಣಿಗೆ ಹಕ್ಕುದಾರರಿದ್ದಾರೆ, ದೇವರೇ ಆ ಹಕ್ಕು ಕೊಟ್ಟಿದ್ದಾರೆ. ಆದರೆ ರೂತಳನ್ನ ನೋಡಿ. ಬಡವಳು, ವಿಧವೆ, ಪರದೇಶಿ. ಧರ್ಮಶಾಸ್ತ್ರದ ಪ್ರಕಾರ ಅವಳಿಗೆ ಹಕ್ಕು ಪೂರ್ತಿ ಇದೆ. ಆದರೂ ಕೊಯ್ಯುವವರ ಮೇಲ್ವಿಚಾರಕನ ಹತ್ತಿರ ಹೋಗಿ, ಹಕ್ಕಲಾಯಬಹುದಾ ಅಂತ ಕೇಳ್ತಾಳೆ. ಎರಡನೇ ಅಧ್ಯಾಯದ ಏಳನೇ ವಚನ, ಗುರುತು ಹಾಕ್ಕೊಳ್ಳಿ. ಅದೇ ಅಧ್ಯಾಯದಲ್ಲಿ ಬೋವಜನು ತನ್ನ ಆಳುಗಳಿಗೆ, ಬೇಕಂತಲೇ ಒಂದಿಷ್ಟು ತೆನೆ ಇವಳಿಗಾಗಿ ಬೀಳಿಸಿ ಅಂತಾನೆ. ಬೀಳಿಸಿದವನು ಯಾರು? ಹೊಲದ ಯಜಮಾನ. ಹಕ್ಕಲಾಯುವವಳು ಕಟ್ಟು ಜಗ್ಗಲಿಲ್ಲ.

ಈಗ ವಿಮಾನಕ್ಕೆ ಬರೋಣ. ಎಲ್ಲಿಂದ ಎಲ್ಲಿಗೆ ಅನ್ಬೇಡಿ, ದೂರ ಇಲ್ಲ.

1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಅಡ್ವಾಂಟೇಜ್ ಅನ್ನೋ ಯೋಜನೆ ಶುರು ಮಾಡಿತು. ಹಾರಿದ ಪ್ರತಿ ಮೈಲಿಗೆ ಲೆಕ್ಕ ಇಟ್ಟು, ಸಾಕಷ್ಟು ಸೇರಿದ ಮೇಲೆ ಉಚಿತ ಟಿಕೆಟ್ ಕೊಡೋದು. ಉಳಿದ ದೊಡ್ಡ ಕಂಪನಿಗಳು ಬೇಗ ಹಿಂಬಾಲಿಸಿದವು. ಇದರ ಜಾಣತನ ಎಲ್ಲಿದೆ ಅಂದ್ರೆ, ಆಫೀಸ್ ಕೆಲಸಕ್ಕೆ ಹಾರೋ ಪ್ರಯಾಣದಲ್ಲಿ ದುಡ್ಡು ಕೊಡೋನು ಒಬ್ಬ, ಯಾವ ವಿಮಾನ ಅಂತ ಆರಿಸೋನು ಇನ್ನೊಬ್ಬ. ಕಂಪನಿ ದುಡ್ಡು ಕೊಡುತ್ತೆ, ನಾವು ಆರಿಸ್ತೀವಿ. ಬಹುಮಾನ ಹೋಗೋದು ಆರಿಸಿದವನಿಗೆ.

ನಮ್ಮ ಪಕ್ಕದ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರನ್ನ ನೆನಪು ಮಾಡ್ಕೊಳ್ಳಿ. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಅಲ್ಲಿ ಊಟ ಬೇಕಾದರೂ ದುಡ್ಡು ಕೊಟ್ಟೇ ತಿನ್ನಬೇಕು. ಆದರೆ ಟಿಕೆಟ್ ಅಗ್ಗ. ಅಂದ್ರೆ ಲಾಭ ಟಿಕೆಟ್ಟಿಗೆ ದುಡ್ಡು ಕೊಟ್ಟವನ ಕೈಗೇ ಸೇರ್ತಿತ್ತು. ಪಾಯಿಂಟ್ಸ್ ಯೋಜನೆ ಹಾಗಲ್ಲ. ಅದರಲ್ಲೂ ಈಚೆಗೆ ಲೆಕ್ಕವೇ ಬದಲಾಗಿದೆ. ಅಮೆರಿಕದ ಡೆಲ್ಟಾ 2015ರಲ್ಲಿ, ನಮ್ಮ ಏರ್ ಇಂಡಿಯಾ 2024ರಲ್ಲಿ, ಹಾರಿದ ದೂರದ ಬದಲು ಖರ್ಚು ಮಾಡಿದ ದುಡ್ಡಿನ ಮೇಲೆ ಪಾಯಿಂಟ್ ಕೊಡೋ ಪದ್ಧತಿಗೆ ಬಂದವು. ಇದು ಅವರ ವ್ಯಾಪಾರ, ಅದರಲ್ಲಿ ತಪ್ಪು ಹುಡುಕೋಕೆ ನಾನು ಬಂದಿಲ್ಲ. ಆದರೆ ನಮ್ಮ ಹೃದಯಕ್ಕೆ ಇದರ ಅರ್ಥ ಏನು? ಇನ್ನೊಬ್ಬರ ದುಡ್ಡು ಹೆಚ್ಚು ಖರ್ಚಾದಷ್ಟೂ ನನ್ನ ಚೀಲ ತುಂಬುತ್ತೆ.

ಈಗ ನಿಮ್ಮಲ್ಲಿ ಕೆಲವರು ಒಳಗೊಳಗೇ ವಾದ ಶುರು ಮಾಡಿದ್ದೀರಿ. "ಪಾಸ್ಟರ್ ಅಣ್ಣಾ, ಬೆಳಿಗ್ಗೆ ಆರರ ಫ್ಲೈಟಿಗೆ ರಾತ್ರಿ ಎರಡೂವರೆಗೆ ಎದ್ದು ದೇವನಹಳ್ಳಿಗೆ ಓಡೋದು ನಾವು. ಭಾನುವಾರದ ಆರಾಧನೆ ಬಿಟ್ಟು ಏರ್‌ಪೋರ್ಟಲ್ಲಿ ಕೂರೋದು ನಾವು. ಅದಕ್ಕೆ ಓವರ್‌ಟೈಮ್ ಇಲ್ಲ. ಪಾಯಿಂಟ್ ನಮ್ಮ ಮೈ ಸವೆದಿದ್ದಕ್ಕೆ ಸಿಗೋ ಕೂಲಿ."

ನಿಮ್ಮ ವಾದ ಒಪ್ತೀನಿ. ಎಷ್ಟೋ ಕಂಪನಿಗಳು ಇದೇ ಕಾರಣಕ್ಕೆ ಪಾಯಿಂಟ್ಸ್ ನೌಕರರಿಗೇ ಬಿಟ್ಟಿವೆ. ಹೊಲದ ಅಂಚು ಬಿಟ್ಟ ಹಾಗೆ. ಬಿಟ್ಟಿದ್ದರೆ ಅದು ನಿಮ್ಮದು, ಸಂತೋಷವಾಗಿ ಸ್ತೋತ್ರ ಹೇಳಿ ಉಪಯೋಗಿಸಿ. ಆದರೆ ಎಲ್ಲರೂ ಬಿಡಲ್ಲ. ಜರ್ಮನಿಯಲ್ಲಿ 2002ರಲ್ಲಿ, ಬರ್ಲಿನ್ ರಾಜ್ಯ ಸರ್ಕಾರದಲ್ಲಿ ಆರ್ಥಿಕ ಖಾತೆ ನೋಡ್ತಿದ್ದ ಗ್ರೆಗೊರ್ ಗೀಸಿ, ಅಧಿಕೃತ ಪ್ರಯಾಣದಲ್ಲಿ ಬಂದ ಬೋನಸ್ ಮೈಲ್ಸ್ ಸ್ವಂತಕ್ಕೆ ಬಳಸಿದ್ದಕ್ಕೆ ಅಧಿಕಾರ ಬಿಟ್ಟರು. ಅದಕ್ಕೆ ಕೆಲವೇ ತಿಂಗಳ ಮುಂಚೆ, 2001ರ ಡಿಸೆಂಬರಿನಲ್ಲಿ, ಅಮೆರಿಕದವರು ತಮ್ಮ ಸರ್ಕಾರಿ ನೌಕರರು ಅದನ್ನೇ ಇಟ್ಕೊಳ್ಳಬಹುದು ಅಂತ ಕಾನೂನು ಮಾಡಿದ್ದರು. ನಮ್ಮ ಕೇಂದ್ರ ಸರ್ಕಾರದ ನಿಯಮದಲ್ಲಿ ಸರ್ಕಾರಿ ಪ್ರಯಾಣದ ಮೈಲ್ಸ್ ಮತ್ತೆ ಸರ್ಕಾರಿ ಪ್ರಯಾಣಕ್ಕೇ ಹೋಗಬೇಕು. ಅದೇ ಮೈಲ್ಸ್. ಒಂದು ಕಡೆ ಹಕ್ಕು, ಇನ್ನೊಂದು ಕಡೆ ರಾಜೀನಾಮೆ. ಹಾಗಾದ್ರೆ ಸರಿ-ತಪ್ಪು ಬರೀ ದೇಶದ ಮೇಲೆ ನಿಂತಿದೆಯಾ? ಇಲ್ಲ. ಆ ಹೊಲದ ಯಜಮಾನ ಏನು ಹೇಳಿದ್ದಾನೆ ಅನ್ನೋದರ ಮೇಲೆ ನಿಂತಿದೆ. ಅದಕ್ಕೇ ರೂತಳು ಕೇಳಿದ್ದು.

ಇಷ್ಟಕ್ಕೇ ನಿಲ್ಲಿಸಿದ್ರೆ ನನಗೆ ಸುಲಭ. ಯಾಕಂದ್ರೆ ನನ್ನ ಕಂಪನಿ ಬಿಟ್ಟಿತ್ತು. ಪಾಲಿಸಿಯಲ್ಲೇ ಬರೆದಿತ್ತು, ಪಾಯಿಂಟ್ಸ್ ನೌಕರನದ್ದು ಅಂತ. ನಾನು ತಪ್ಪಿದ್ದು ಅಲ್ಲಲ್ಲ.

ಗೇಹಜಿಯನ್ನ ನೆನಪು ಮಾಡ್ಕೊಳ್ಳಿ, ಎಲೀಷನ ಸೇವಕ. ಅರಾಮ್ಯರ ಸೇನಾಪತಿ ನಾಮಾನನಿಗೆ ಕುಷ್ಠ ವಾಸಿಯಾಯ್ತು. ಅವನು ಕಾಣಿಕೆ ಕೊಡೋಕೆ ಬಂದ, ಎಲೀಷನು ಬೇಡ ಅಂದ. ಗೇಹಜಿ ರಥದ ಹಿಂದೆ ಓಡಿದ. ಓಡಿ ಏನು ಹೇಳಿದ? ನನಗೆ ಕೊಡಿ ಅನ್ನಲಿಲ್ಲ. ಎಫ್ರಾಯೀಮ್ ಬೆಟ್ಟದ ಸೀಮೆಯಿಂದ ಇಬ್ಬರು ಯುವ ಪ್ರವಾದಿಗಳು ಬಂದಿದ್ದಾರೆ, ಅವರಿಗೆ ಬೇಕು ಅಂದ. ಒಂದು ತಲಾಂತು ಬೆಳ್ಳಿ ಕೇಳಿದ, ಎರಡು ಸಿಕ್ಕಿತು. ತಂದು ಮನೆಯಲ್ಲಿಟ್ಟ. ಎಲ್ಲಿಗೆ ಹೋಗಿದ್ದೆ ಅಂತ ಯಜಮಾನ ಕೇಳಿದರೆ, ಎಲ್ಲಿಗೂ ಇಲ್ಲ ಅಂದ.

ಆ ಇಬ್ಬರು ಯುವ ಪ್ರವಾದಿಗಳು ಇರಲೇ ಇಲ್ಲ. ಅವರು ಕಾರಣದ ಕಾಲಮ್ಮಿನಲ್ಲಿ ಮಾತ್ರ ಇದ್ದರು.

ನನ್ನ ಆಫೀಸಿನ ಬುಕಿಂಗ್ ಫಾರ್ಮಿನಲ್ಲೂ ಒಂದು ಕಾಲಮ್ ಇತ್ತು. ಕಡಿಮೆ ದರದ ಫ್ಲೈಟ್ ಬಿಟ್ಟು ಹೆಚ್ಚಿನದು ಬುಕ್ ಮಾಡಿದರೆ ಕಾರಣ ಬರೀಬೇಕು. ನಾನು ಬರೀತಿದ್ದೆ: "ಸಮಯ ಹೊಂದುವುದಿಲ್ಲ." ಸಮಯ ಹೊಂದುತ್ತಿತ್ತು. ಹೊಂದದೇ ಇದ್ದಿದ್ದು ನನ್ನ ಗೋಲ್ಡ್ ಕಾರ್ಡು. ಆ ವರ್ಷ ಇಷ್ಟು ಪಾಯಿಂಟ್ ಮಾಡದಿದ್ರೆ ಸಿಲ್ವರಿಗೆ ಇಳಿಸ್ತಾರೆ ಅಂತ ಮೆಸೇಜ್ ಬಂದಿತ್ತು. ಲೈನ್ ಮನೆಯ ಹುಡುಗ ಲೌಂಜಿನಲ್ಲಿ ಕೂತು ಕಾಫಿ ಕುಡೀತಿದ್ದ. ಅದನ್ನ ಕಳ್ಕೊಳ್ಳೋಕೆ ನನಗೆ ಆಗಲಿಲ್ಲ. ನಿಜ ಹೇಳ್ತೀನಿ, ಅಷ್ಟೇ ಕಾರಣ.

ಒಂದು ವರ್ಷದಲ್ಲಿ 14 ಸಲ ಹಾಗೆ ಮಾಡಿದೆ. ಪಾಯಿಂಟ್ಸ್ ಸೇರಿತು. ಅಕ್ಕನ ಬಾಣಂತನಕ್ಕೆ ಅವ್ವನನ್ನ ಬೆಂಗಳೂರಿಂದ ಪುಣೆಗೆ ವಿಮಾನದಲ್ಲಿ ಕಳಿಸಿದೆ. ಅವ್ವನ ಮೊದಲ ವಿಮಾನ. ಮುಂದಿನ ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳಿದೆ: "ಒಂದು ರೂಪಾಯಿ ಖರ್ಚಿಲ್ಲದೆ ಕರ್ತರು ನನ್ನ ತಾಯಿಯನ್ನ ಆಕಾಶದಲ್ಲಿ ಹಾರಿಸಿದರು." ಎಲ್ಲರೂ ಹಲ್ಲೆಲೂಯಾ ಅಂದರು, ಚಪ್ಪಾಳೆ ಹೊಡೆದರು.

ಅವ್ವ ಫೋನಲ್ಲಿ ಕೇಳಿದ್ದರು, "ಟಿಕೆಟ್ಟಿಗೆ ದುಡ್ಡು ಕೊಡ್ಲಿಲ್ಲ ಅಂತೀಯಲ್ಲ, ಹೆಂಗೆ?" ನಾನು, "ಆಫೀಸ್ ಟಿಕೆಟ್ ಮಾಡಿಸುತ್ತಲ್ಲ ಅವ್ವಾ, ಅದರಿಂದ ಉದುರಿದ್ದು. ನೆಲದ ಹಣ್ಣಿದ್ದ ಹಾಗೆ, ನಮಗೇ ಬಿಟ್ಟಿದ್ದಾರೆ" ಅಂದೆ. ಅವರಿಗೆ ಅರ್ಥ ಆಯ್ತು, ಸಂತೋಷ ಪಟ್ಟರು. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಮಗ ಗಿಡ ಅಲ್ಲಾಡಿಸಿರಬಹುದು ಅಂತ ಅವರಿಗೆ ಅನುಮಾನವೇ ಬರಲಿಲ್ಲ. ಅವತ್ತು ರಾತ್ರಿ ನನಗೆ ಪ್ರಾರ್ಥನೆಗೆ ಬಾಯಿ ಬರಲಿಲ್ಲ. ಪವಿತ್ರಾತ್ಮನು ನನ್ನ ಚೀಲಕ್ಕೆ ಕೈ ಹಾಕಿದ ಹಾಗಿತ್ತು.

ಹಳೇ ಟಿಕೆಟ್‌ಗಳನ್ನ ತೆಗೆದು ಲೆಕ್ಕ ಹಾಕಿದೆ. ಅವತ್ತು ಅದೇ ಹೊತ್ತಿಗೆ ಇದ್ದ ಅಗ್ಗದ ಫ್ಲೈಟಿಗೂ ನಾನು ಮಾಡಿದ್ದಕ್ಕೂ ವ್ಯತ್ಯಾಸ, ಒಟ್ಟು ಸುಮಾರು 41,000 ರೂಪಾಯಿ. ಅರಣ್ಯಕಾಂಡ ಐದನೇ ಅಧ್ಯಾಯದಲ್ಲಿ, ತಪ್ಪು ಒಪ್ಪಿಕೊಂಡು ಮೂಲಧನದ ಜೊತೆ ಐದರಲ್ಲಿ ಒಂದು ಪಾಲು ಸೇರಿಸಿ ಕೊಡಬೇಕು ಅಂತ ಇದೆ. ಅಂದ್ರೆ ಇನ್ನೂ 8,200. ಮ್ಯಾನೇಜರ್ ಹತ್ತಿರ ಹೋಗಿ ಹೇಳಿದೆ. ಅವರು ನಕ್ಕರು. "ಎಲ್ಲರೂ ಮಾಡ್ತಾರೆ, ಹೋಗಿ ಕೆಲಸ ನೋಡಿ" ಅಂದರು. ಬಿಡದೆ ಅಕೌಂಟ್ಸಿಗೆ ಹೋದೆ. ಅವರು 41,000 ತಗೊಂಡರು. ಆ 8,200ಕ್ಕೆ ಮಾತ್ರ "ಇದನ್ನ ಯಾವ ಹೆಡ್ಡಿಗೆ ಹಾಕೋದು ಸರ್?" ಅಂತ ವಾಪಸ್ ಕೊಟ್ಟರು. ಅದನ್ನ ಬೇರೆ ಕಡೆ ಕೊಟ್ಟೆ.

ಸಾಮಾನ್ಯವಾಗಿ ಸಾಕ್ಷಿ ಇಲ್ಲಿಗೆ ಮುಗಿಯುತ್ತೆ, ನಾವು ಸ್ತೋತ್ರ ಹೇಳ್ತೀವಿ. ಇದು ಮುಗಿಯಲಿಲ್ಲ. ನನ್ನ ಪತ್ರ ಮೇಲಕ್ಕೆ ಹೋಯ್ತು. ಎರಡು ತಿಂಗಳಲ್ಲಿ ನಿಯಮ ಬದಲಾಯ್ತು: ಇನ್ನು ಮುಂದೆ ಟಿಕೆಟ್ ಆರಿಸೋದು ಟ್ರಾವೆಲ್ ಡೆಸ್ಕ್, ಎಲ್ಲರಿಗೂ ಅತಿ ಕಡಿಮೆ ದರದ್ದೇ. ನನ್ನ ಟೀಮಿನಲ್ಲಿ ಒಬ್ಬ ಹಿರಿಯರಿದ್ದರು. ಅವರ ತಂದೆ ದೂರದ ಊರಲ್ಲಿ ಹಾಸಿಗೆ ಹಿಡಿದಿದ್ದರು. ಪಾಯಿಂಟ್ಸ್ ಕೂಡಿಸಿ ವರ್ಷಕ್ಕೆ ಎರಡು ಸಲ ಹೋಗಿ ನೋಡ್ಕೊಂಡು ಬರ್ತಿದ್ದರು. ಅವರು ಯಾವತ್ತೂ ಗಿಡ ಅಲ್ಲಾಡಿಸಿದವರಲ್ಲ, ದರ ಸಮ ಇದ್ದಾಗ ಮಾತ್ರ ಆ ಏರ್‌ಲೈನ್ ಆರಿಸ್ತಿದ್ದವರು. ಹೊಸ ನಿಯಮದಲ್ಲಿ ಅವರ ಪಾಯಿಂಟ್ಸ್ ನಿಂತುಹೋಯ್ತು. ನನಗೆ ಒಂದೇ ಮಾತು ಹೇಳಿದರು: "ನಿನ್ನ ಮನಸ್ಸಾಕ್ಷಿ ತೊಳೆಯೋಕೆ ನನ್ನ ನೀರು ಖರ್ಚಾಯ್ತು." ನನ್ನ ಹತ್ತಿರ ಉಳಿದಿದ್ದ ಪಾಯಿಂಟ್ಸಲ್ಲಿ ಅವರಿಗೆ ಟಿಕೆಟ್ ಮಾಡಿಸ್ಕೊಡ್ತೀನಿ ಅಂದೆ. ಬೇಡ ಅಂದರು. ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡಲ್ಲ.

ಒಪ್ಪಿಕೊಂಡಿದ್ದು ತಪ್ಪಾ? ಅಲ್ಲ ಅಂತಲೇ ನಂಬ್ತೀನಿ. ಆದರೆ ಅವರಿಗೆ ಕೊಡೋಕೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ವಿಷಯ ಮಾತ್ರ ಕಲಿತೆ. ಕಾಯಿ ಕೊರಕ ಒಂದೇ ಗಿಡದಲ್ಲಿ ಇರಲ್ಲ. ನಾನು ಅಲ್ಲಾಡಿಸಿದ ಗಿಡದ ನಷ್ಟ ಕಂಪನಿಗೆ ಅಷ್ಟೇ ಅಂತ ಅಂದ್ಕೊಂಡಿದ್ದೆ. ಯಜಮಾನ ನಂಬಿ ಬಿಟ್ಟಿದ್ದನ್ನ ಒಬ್ಬ ಕೆಡಿಸಿದ್ರೆ, ಅದನ್ನ ನಂಬಿ ಬದುಕ್ತಿದ್ದ ರೂತಳಿಗೂ ಹೊಲ ಮುಚ್ಚುತ್ತೆ. ನಾನು ಕದ್ದದ್ದು ಆ ಹಿರಿಯರಿಂದ. ಅದನ್ನ ವಾಪಸ್ ಕೊಡೋಕೆ ಆಗ್ತಿಲ್ಲ.

ಇಷ್ಟೆಲ್ಲ ಯಾವುದಕ್ಕೆ? ಬೆಂಗಳೂರಿನದೇ ಕಿಂಗ್‌ಫಿಷರ್ ಏರ್‌ಲೈನ್ಸ್‌ಗೆ ಕಿಂಗ್ ಕ್ಲಬ್ ಅಂತ ಇಂಥದ್ದೇ ಯೋಜನೆ ಇತ್ತು. ನಮ್ಮ ಗೋಪಿನಾಥ್ ಅವರ ಏರ್ ಡೆಕ್ಕನ್ ಕೊನೆಗೆ ಸೇರಿದ್ದೂ ಅದೇ ಕಂಪನಿಗೆ. 2012ರ ಅಕ್ಟೋಬರಿನಲ್ಲಿ ವಿಮಾನಗಳು ನಿಂತವು. ವರ್ಷಗಟ್ಟಲೆ ಕೂಡಿಸಿಟ್ಟ ಮೈಲ್ಸ್ ಇಟ್ಕೊಂಡು ಹತ್ತೋಣ ಅಂದ್ರೆ ವಿಮಾನವೇ ಇಲ್ಲ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು. ಅಷ್ಟು ಗಟ್ಟಿಯಿಲ್ಲದ ಒಂದು ಲೆಕ್ಕಕ್ಕೋಸ್ಕರ, ಒಂದು ಕಾಲಮ್ಮಿನಲ್ಲಿ ಎರಡು ಪದದ ಸುಳ್ಳು ಬರೆಯೋಕೆ ನನ್ನ ಕೈ ನಡುಗಲಿಲ್ಲ. ಇದು ನನ್ನನ್ನ ಈಗಲೂ ಹೆದರಿಸುತ್ತೆ.

ಹಾಗಾದ್ರೆ ಏನು ಮಾಡಬೇಕು? ಫೋನ್ ತೆಗೆದು ಮೂರು ಮಾತು ಬರ್ಕೊಳ್ಳಿ.

ಒಂದು, ಕೇಳಿ. ಸೋಮವಾರ ಆಫೀಸಿಗೆ ಹೋದ ಮೇಲೆ ನಿಮ್ಮ ಕಂಪನಿಯ ಪ್ರಯಾಣದ ಪಾಲಿಸಿ ಓದಿ. ಬರೆದಿಲ್ಲ ಅಂದ್ರೆ ಬಾಯಿಬಿಟ್ಟು ಕೇಳಿ. "ಕೇಳಿದ್ರೆ ಬೇಡ ಅಂತಾರೆ" ಅನ್ನೋ ಭಯದಿಂದ ಕೇಳದೆ ಇದ್ದರೆ, ಉತ್ತರ ನಿಮಗೆ ಆಗಲೇ ಗೊತ್ತಿದೆ ಅಂತ ಅರ್ಥ.

ಎರಡು, ಬುಕ್ ಮಾಡೋ ಮುಂಚೆ ಪಾಯಿಂಟ್ಸನ್ನ ಮನಸ್ಸಿಂದ ಅಳಿಸಿ ನೋಡಿ. ಪಾಯಿಂಟ್ ಇಲ್ಲದಿದ್ರೂ ಇದೇ ಫ್ಲೈಟ್ ಆರಿಸ್ತಿದ್ನಾ? ಹೌದು ಅಂದ್ರೆ ಬಿದ್ದಿದ್ದು ಹೆಕ್ಕಿ. ಇಲ್ಲ ಅಂದ್ರೆ ನಿಮ್ಮ ಕೈ ಗಿಡದ ಮೇಲಿದೆ. ವಿಮಾನಕ್ಕೆ ಮಾತ್ರ ಅಲ್ಲ, ಆಫೀಸಿಗೆ ಲ್ಯಾಪ್‌ಟಾಪ್ ತರಿಸುವಾಗಲೂ, ಸಭೆಗೆ ಸೌಂಡ್ ಸಿಸ್ಟಮ್ ತಗೊಳ್ಳುವಾಗಲೂ ಇದೇ ಪ್ರಶ್ನೆ.

ಮೂರು, ಸಾಕ್ಷಿ ಹೇಳುವಾಗ ಯಾರ ದುಡ್ಡು ಖರ್ಚಾಯ್ತು ಅನ್ನೋದನ್ನೂ ಸೇರಿಸಿ ಹೇಳಿ. ಅದನ್ನ ಸೇರಿಸಿದಾಗ ಸಾಕ್ಷಿ ಹೇಳೋಕೆ ನಾಚಿಕೆ ಆದ್ರೆ, ಅದಕ್ಕೆ ದೇವರ ಹೆಸರು ಹಾಕಬೇಡಿ.

ಈಗ ನಮ್ಮ ತಮ್ಮನ ವಿಷಯ. ನಿನ್ನೆ ಸಂಜೆ ಅವನನ್ನ ಕೂರಿಸಿ ಎರಡನೇ ಪ್ರಶ್ನೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಹೋಂಸ್ಟೇಯವರು ಕಾರ್ಡ್ ಬದಲು ಯುಪಿಐ ಮಾಡಿದ್ರೆ 1,500 ಕಡಿಮೆ ಮಾಡ್ತೀವಿ ಅಂದಿದ್ರು ಅಣ್ಣಾ. ನಾನು ಕಾರ್ಡೇ ಕೊಟ್ಟೆ." ಇವತ್ತು ಬೆಳಿಗ್ಗೆ ತಿಂಡಿಗೆ ಮುಂಚೆ 1,500 ರೂಪಾಯಿ ಕ್ಯಾಂಪಿನ ಲೆಕ್ಕಕ್ಕೆ ಹಾಕಿದ್ದಾನೆ. ಉಳಿದ ಪಾಯಿಂಟ್ಸ್ ಏನು ಮಾಡಬೇಕು ಅಂತ ನಿಮ್ಮನ್ನ ಕೇಳೋಕೆ ಹೇಳಿದ್ದಾನೆ. ಬುಕಿಂಗಿಗೆ ದುಡ್ಡು ಕೊಟ್ಟವರು ನೀವು, ಈ ಹೊಲದ ಯಜಮಾನರು ನೀವೇ. ಏನಂತೀರಿ? ಇಟ್ಕೊಳ್ಳಲಾ?

(ಸಭೆಯವರು: "ಇಟ್ಕೊಳ್ಳಲಿ!")

ಆಯ್ತು ತಮ್ಮಾ, ಈಗ ಅದು ನಿನ್ನದು. ಊರಿಗೆ ಹೋಗಿ ಅಪ್ಪ ಅಮ್ಮನನ್ನ ನೋಡ್ಕೊಂಡು ಬಾ.

ಎಲ್ಲರೂ ಕಣ್ಣು ಮುಚ್ಚೋಣ. ತಂದೆಯೇ, ನಮ್ಮ ಚೀಲದಲ್ಲಿ ಏನಿದೆ ಅಂತ ನಿನಗೆ ಗೊತ್ತು. ಬಿಟ್ಟುಕೊಟ್ಟವರ ನಂಬಿಕೆಯನ್ನ ನಾವು ಕೆಡಿಸದ ಹಾಗೆ ನಮ್ಮ ಕೈಗಳನ್ನ ಕಾಪಾಡು. ಯಾರಿಗೆ ವಾಪಸ್ ಕೊಡಬೇಕೋ ಅವರ ಬಾಗಿಲಿಗೆ ಹೋಗೋ ಧೈರ್ಯ ಕೊಡು. ನನ್ನಿಂದ ನಷ್ಟವಾದ ಆ ಹಿರಿಯರನ್ನೂ, ಅವರ ತಂದೆಯನ್ನೂ ನೆನಪು ಮಾಡ್ತೀನಿ ಕರ್ತನೇ, ಅವರಿಗೆ ನೀನೇ ದಾರಿ ತೆರೆ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.